ಕೊಸರಿಗೆ ಬಂದ ಟೂಲ್‌ಬಾರ್

೧೯೮೪. ಒಂಬತ್ತನೇ ಕ್ಲಾಸಿನ ನಡುವೆ ನಾನು ಓದು ನಿಲ್ಲಿಸಿದ ವರ್ಷ. ಮರುಕ ಬೇಡ. ಅವತ್ತು ಕಬ್ಬಿಣ ಕಡೆಯುವ ಲೇತ್ ಮುಂದೆ ನಿಂತವನು ಇವತ್ತಿನವರೆಗೂ ಯಾರ ಮುಂದೆಯೂ ಕೈಕಟ್ಟಿ ನಿಂತಿಲ್ಲ. ಬಿಡದಿಯಲ್ಲಿ ಫ್ಯಾಕ್ಟರಿಗಳು ಒಂದೊಂದೇ ಎದ್ದಾಗ ನಾನೂ ಅವುಗಳ ಬಗಲಲ್ಲೊಂದು ಶೆಡ್ ಹಾಕಿದೆ. ಅವರು ಕೊಟ್ಟ ಡ್ರಾಯಿಂಗ್ ನೋಡಿ ಬುಷ್ಷು, ಪಿನ್ನು ಮಾಡಿಕೊಡುತ್ತೇನೆ. ಈಗ ಡ್ರಾಯಿಂಗ್ ಕಾಗದದಲ್ಲಿ ಬರುವುದಿಲ್ಲ, ಸಿ.ಡಿ.ಯಲ್ಲಿ ಬರುತ್ತದೆ. ಹಾಗಾಗಿ ಮನೆಗೊಂದು ಕಂಪ್ಯೂಟರ್ ತಂದೆ. ಮೌಸ್ ಹಿಡಿಯುವುದನ್ನು ನಾನೇ ಕಲಿತೆ. (ಲೇತ್ ಹಿಡಿಯುವುದನ್ನು ಮಾತ್ರ ಯಾರು ಕಲಿಸಿದ್ದರು?)

ಇಂಥವನಿಗೆ ಹೋದ ವಾರ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಕಾರಣ, ಹಾಡು.

ಪೌರಾಣಿಕ ನಾಟಕ ಅಂದರೆ ನಮ್ಮ ಕಡೆಯವರಿಗೆ ಎಷ್ಟು ಹುಚ್ಚು ಎಂದು ನಿಮಗೆ ಗೊತ್ತೇ ಇದೆ. ಈ ಸಲ ನನಗೂ ಒಂದು ಪಾರ್ಟು. ಹಾರ್ಮೋನಿಯಂ ಮೇಷ್ಟ್ರು ತಾವೇ ಕಟ್ಟಿದ ಹಾಡುಗಳನ್ನು ರೆಕಾರ್ಡ್ ಮಾಡಿಸಿ, ಯಾರು ಬೇಕಾದರೂ ಕೇಳಿ ಕಲಿಯಿರಿ ಎಂದಿದ್ದರು. ಮಾಗಡಿಯ ನಾಟಕ ತಂಡದವರು ಅವನ್ನು, ಒಬ್ಬರ ಕಂಪ್ಯೂಟರಿನಲ್ಲಿರುವುದನ್ನು ಇನ್ನೊಬ್ಬರು ಇಳಿಸಿಕೊಳ್ಳುವ ಫೈಲ್ ಶೇರಿಂಗ್‌ನಲ್ಲಿ ಇಟ್ಟಿದ್ದಾರೆ, ಒಂದು ಸಾಫ್ಟ್‌ವೇರ್ ಹಾಕಿಕೊಂಡರೆ ಮನೆಯಲ್ಲೇ ಕೂತು ಇಳಿಸಿಕೊಳ್ಳಬಹುದು ಎಂದು ಸುದ್ದಿ ಬಂತು. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇತ್ತು. ‘ಫ್ರೀ’ ಎಂದು ಮಿನುಗುತ್ತಿದ್ದ ಮೊದಲ ಸಾಫ್ಟ್‌ವೇರನ್ನೇ ಹಾಕಿಕೊಂಡೆ.

ಹಾಕುವಾಗ ಅದು ಒಂದೊಂದೇ ಚೌಕ ತೆರೆದು ಕೇಳಿತು. ಟೂಲ್‌ಬಾರ್ ಕೊಡಲೇ? ಹವಾಮಾನ ಹೇಳುವ ಗಡಿಯಾರ ಕೊಡಲೇ? ಸ್ಪೀಡ್ ಹೆಚ್ಚಿಸುವ ಇನ್ನೊಂದು ಸಾಫ್ಟ್‌ವೇರ್?

ನೀವೇ ಹೇಳಿ. ಸಂತೆಯಲ್ಲಿ ಅವರೆಕಾಯಿ ತೂಗಿದ ಮೇಲೆ ಮಾರುವವಳು ಒಂದು ಹಿಡಿ ಕೊಸರು ಹಾಕುತ್ತಾಳೆ. ಬೇಡ ಅನ್ನುತ್ತೇವೆಯೇ? ಚೀಲದ ಬಾಯಿ ಇನ್ನೂ ಅಗಲ ಮಾಡುತ್ತೇವೆ. ನಾನೂ ಮಾಡಿದೆ. ಯೆಸ್, ಯೆಸ್, ನೆಕ್ಸ್ಟ್, ನೆಕ್ಸ್ಟ್.

ಮರುದಿನದಿಂದ ಕಂಪ್ಯೂಟರ್ ಕುಂಟತೊಡಗಿತು. ಪರದೆ ತುಂಬ ಜಾಹೀರಾತು. ಒಂದು ಮುಚ್ಚಿದರೆ ಎರಡು ಏಳುತ್ತಿದ್ದವು. ಇದೇನು ಎಲೆಕ್ಷನ್ ಟೈಮಿನ ಗೋಡೆಯೇ ಎಂದು ಹೆಂಡತಿ ಸಾವಿತ್ರಿ ಕೇಳಿದಳು.

ರಾಮನಗರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಗೆಳೆಯ ಶಿವಲಿಂಗನನ್ನು ಕರೆಸಿದೆ. ಒಸಿ ಹೊತ್ತು ಅದನ್ನೂ ಇದನ್ನೂ ಒತ್ತಿದವನು ಕೈ ನಿಲ್ಲಿಸಿದ.

“ಡಿ ಡ್ರೈವಲ್ಲಿ ಏನೈತ್ಲಾ?”

“ಫ್ಯಾಕ್ಟರಿ ಡ್ರಾಯಿಂಗು. ಒಸಿ ನನ್ ಹಾಡು.”

“ಅಷ್ಟನ್ನೂ ಪ್ರಪಂಚಕ್ಕೇ ತೆಗ್ದು ಮಡಗಿದ್ದೀಯ ಕಣ್ಲಾ. ಯಾರ್ ಬೇಕಾದ್ರೂ ಹೊತ್ಕೊಂಡ್ ಹೋಗ್ಬೋದು.”

ಆಗ ಅರ್ಥವಾಯಿತು. ಕೊನೆಯ ಚೌಕದಲ್ಲಿ ಅದು ‘ಕೊಡಲೇ’ ಎಂದಿರಲಿಲ್ಲ, ‘ಕೊಡುತ್ತೀಯಾ’ ಎಂದು ಕೇಳಿತ್ತು. ಅದಕ್ಕೂ ಯೆಸ್ ಒತ್ತಿದ್ದೆ.

ಡ್ರಾಯಿಂಗ್ ನನ್ನವಲ್ಲ. ಫ್ಯಾಕ್ಟರಿಯವರು ಮಾರ್ಕ್ಸ್ ಕಾರ್ಡ್ ಕೇಳದೆ, ಕೆಲಸ ನೋಡಿ, ನಂಬಿ ಕೊಟ್ಟವು. ಒಂದು ಆಚೆ ಹೋಗಿದ್ದರೂ ಆರ್ಡರ್ ಹೋದಂತೆ. ಆರ್ಡರ್ ಹೋದರೆ ಇನ್ನೊಂದು ಹುಡುಕುತ್ತೇನೆ. ಆದರೆ ‘ಓದದವನ ಕೈಗೆ ಕೊಟ್ಟಿದ್ದೇ ತಪ್ಪಾಯಿತು’ ಎಂದು ಅವರು ಅಂದುಬಿಟ್ಟರೆ? ಆ ಮಾತು ಬರಬಾರದೆಂದೇ ಅಲ್ಲವೇ ಇಷ್ಟು ವರ್ಷ ದುಡಿದದ್ದು?

ಶಿವಲಿಂಗ ಮೊದಲು ಇಂಟರ್ನೆಟ್ ವೈರ್ ಕಿತ್ತ. ಯಾವ ಫೈಲು ಎಷ್ಟು ಸಲ ಆಚೆ ಹೋಗಿದೆ ಎಂದು ಆ ಸಾಫ್ಟ್‌ವೇರೇ ತೋರಿಸುತ್ತದಂತೆ. ಮೇಲಿಂದ ಕೆಳಗೆ ನೋಡುತ್ತಾ ಬಂದ. ನಾನು ಅವನ ಮುಖ ನೋಡುತ್ತಿದ್ದೆ. ಡ್ರಾಯಿಂಗ್‌ಗಳ ಮುಂದೆಲ್ಲ ಸೊನ್ನೆ. ಹೊರಗೆ ಹೋಗಿದ್ದು ಒಂದೇ ಒಂದು, ನಾನು ಪ್ರಾಕ್ಟೀಸಿಗೆ ಹಾಡಿ ಇಟ್ಟುಕೊಂಡಿದ್ದ ಹಾಡು. ಅದೂ ಅರ್ಧ. ಇಳಿಸಿಕೊಳ್ಳುತ್ತಿದ್ದವನು ನಡುವೆಯೇ ಬಿಟ್ಟು ಹೋಗಿದ್ದ.

“ಬಂದಿದ್ದೋನ್ನ ನಿಮ್ ರಾಗವೇ ಓಡಿಸೈತೆ ಬುಡಿ” ಅಂದಳು ಸಾವಿತ್ರಿ.

ಹೆಂಡತಿ ಹಂಗಿಸಿದ್ದಕ್ಕೆ ಅಷ್ಟು ಖುಷಿಯಾಗಿ ನಕ್ಕಿದ್ದು ಅವತ್ತೇ ಇರಬೇಕು.

ಶಿವಲಿಂಗ ಬೇಡದ ಸಾಫ್ಟ್‌ವೇರೆಲ್ಲ ಅಳಿಸಿ, ಕಂಪ್ಯೂಟರನ್ನು ಹೊಸದರಂತೆ ಮಾಡಿದ. ಹಾಡು ಬೇಕೇ ಬೇಕೆಂದರೆ ಜಾಹೀರಾತಿಲ್ಲದ ಸಾಫ್ಟ್‌ವೇರ್ ಇವೆ, ಮಾಡಿದವರ ಸ್ವಂತ ಸೈಟಿನಿಂದಲೇ ತರಬೇಕು, ಪ್ರತಿ ಚೌಕ ಓದಬೇಕು, ಒಂದೇ ಫೋಲ್ಡರ್ ತೆರೆದಿಡಬೇಕು ಎಂದ. ಸರಿ, ಈಗಲೇ ಹಾಕು ಎಂದೆ. ಸಾವಿತ್ರಿ ತಡೆದಳು. ಅವಳು ಕೂಟಗಲ್ ಕಡೆಯ ರೇಷ್ಮೆಹುಳ ಸಾಕುವ ಮನೆಯವಳು.

“ಕಂಡೋರ ತೋಟದ ಸೊಪ್ಪ ತಂದ್ರೆ ಎಲ್ಲಾ ತಟ್ಟೆಗೂ ಒಟ್ಗೇ ಹಾಕ್ಬುಡ್ತೀವಾ? ಔಸ್ದಿ ಹೊಡ್ದಿದ್ರೆ? ನಾಕ್ ಹುಳಕ್ಕೆ ಹಾಕಿ ನೋಡ್ತೀವಿ. ಅವು ಬದುಕುದ್ರೆ ಮಿಕ್ಕಿದ್ದು.”

ಶೆಡ್ಡಿನಲ್ಲಿ ಹಳೆಯ ಕಂಪ್ಯೂಟರೊಂದು ಧೂಳು ತಿನ್ನುತ್ತಿತ್ತು. ಅದನ್ನು ಮನೆಗೆ ತಂದು, ಇಂಟರ್ನೆಟ್ ವೈರ್ ಸಿಕ್ಕಿಸಿ, ಹೊಸ ಸಾಫ್ಟ್‌ವೇರನ್ನು ಮೊದಲು ಅದಕ್ಕೆ ಉಣಿಸಿದೆವು. ಜಾಹೀರಾತು ಏಳಲಿಲ್ಲ, ಸ್ಪೀಡ್ ಇಳಿಯಲಿಲ್ಲ. ತೆಗೆದು ನೋಡಿದೆವು, ತಕರಾರಿಲ್ಲದೆ ಹೋಯಿತು. ಆಮೇಲೇ ಮನೆಯದಕ್ಕೆ ಹಾಕಿದ್ದು. ಹಳೆಯದು ಶೆಡ್ಡಿಗೆ ವಾಪಸ್ ಹೋಯಿತು. ಡ್ರಾಯಿಂಗ್‌ಗಳು ಈಗ ಅದರಲ್ಲಿವೆ, ಅಲ್ಲಿ ಇಂಟರ್ನೆಟ್ಟೇ ಇಲ್ಲ.

ಸೋಮವಾರ ಫ್ಯಾಕ್ಟರಿಗೆ ಹೋಗಿ, ಯಾರೂ ಕೇಳುವ ಮೊದಲೇ ನಡೆದದ್ದೆಲ್ಲ ಹೇಳಿದೆ. ಪರ್ಚೇಸ್ ನೋಡುವವರು ಪೂರ್ತಿ ಕೇಳಿಸಿಕೊಂಡರು, ಶೆಡ್ಡಿಗೇ ಬಂದು ಹೊಸ ಏರ್ಪಾಡು ನೋಡಿದರು. ಹೊರಡುವಾಗ ಬ್ಯಾಗಿನಿಂದ ಮುಂದಿನ ಆರ್ಡರಿನ ಸಿ.ಡಿ. ತೆಗೆದು ಕೈಗಿಟ್ಟರು. ಅವತ್ತು ಎರಡು ಸಲ ಮುದ್ದೆ ಹಾಕಿಸಿಕೊಂಡೆ.

ಈಗ ನನ್ನ ಬಳಿ ಇರುವುದು ಇಷ್ಟು: ಲೇತ್ ಮೂರು, ಕಂಪ್ಯೂಟರ್ ಎರಡು, ಊರಿಗೆ ತೆರೆದಿಟ್ಟ ಫೋಲ್ಡರ್ ಒಂದು, ಅದರಲ್ಲಿ ಮೇಷ್ಟ್ರ ಹಾಡು ಹದಿನಾಲ್ಕು, ಬೇರೆಯವರ ಡ್ರಾಯಿಂಗ್ ಒಂದೂ ಇಲ್ಲ.