ಶಿವದಾರವಿಲ್ಲದ ಕೊರಳು

ಯುದ್ಧದ ಕಾಲದಲ್ಲಿ ಚಿಕ್ಕಪ್ಪ ಬರ್ಮಾದಿಂದ ಜೀವಸಹಿತ ಬಂದ ಎಂಬ ಸಂತೋಷ ನಮ್ಮ ಹೊಳೆನರಸೀಪುರದ ಮನೆಯಲ್ಲಿ ಮೊದಲ ಊಟದ ತನಕ ಮಾತ್ರ ಇತ್ತು. ಬೆನ್ನು ಉಜ್ಜಲು ಅಪ್ಪ ಹೋದರೆ ಬೇಡವೆಂದು ಒಬ್ಬನೇ ಸ್ನಾನ ಮಾಡಿದ. ಕುತ್ತಿಗೆಯ ತನಕ ಅಂಗಿಯ ಗುಂಡಿ ಹಾಕಿಕೊಂಡು ಬಂದು ಸೀದಾ ತಟ್ಟೆಯ ಮುಂದೆ ಕೂತು ಮುದ್ದೆ ಮುರಿದ. ವಿಭೂತಿ ಹಚ್ಚಲಿಲ್ಲ, ಕೊರಳಲ್ಲಿರಬೇಕಾದ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಲಿಲ್ಲ. ನಮ್ಮಲ್ಲಿ ಜ್ವರ ಬಂದು ಮಲಗಿದವರೂ ಅಷ್ಟು ಮಾಡದೆ ತುತ್ತು ಎತ್ತುತ್ತಿರಲಿಲ್ಲ. ಅಜ್ಜಿ ಅದನ್ನು ನೋಡಿದಳು. ಅಜ್ಜಿ ನೋಡಿದ್ದನ್ನು ನಾನು ನೋಡಿದೆ.

ನನಗಾಗ ಗಂಡು ಹುಡುಕುತ್ತಿದ್ದರು. ಅನುಮಾನ ನನಗೆ ಹುಟ್ಟುಗುಣ. ಹಾಲಿಗೆ ನೀರು ಬೆರೆತಿದೆಯೋ ಇಲ್ಲವೋ ಎಂದು ಹಾಲಿನವಳ ಮುಖ ನೋಡಿಯೇ ಹೇಳುತ್ತಿದ್ದೆ. ಚಿಕ್ಕಪ್ಪನ ಮೇಲೆ ಕಣ್ಣಿಡುವ ಕೆಲಸವನ್ನು ಯಾರೂ ಹೇಳದೆಯೇ ವಹಿಸಿಕೊಂಡೆ.

ಕಣ್ಣಿಗೆ ಬೀಳಲು ಬೇಕಾದಷ್ಟಿತ್ತು. ಯಾವಾಗಲೂ ಗೋಡೆಗೆ ಬೆನ್ನು ಕೊಟ್ಟೇ ಕೂರುವುದು. ಊಟದಲ್ಲಿ ಮುದ್ದೆಯ ಒಂದು ಚೂರನ್ನು ಪಂಚೆಯ ಮಡಿಲಿಗೆ ಸೇರಿಸುವುದು. ಬಚ್ಚಲಿಗೆ ಹೋದರೆ ಅಗುಳಿ ಹಾಕುತ್ತಿರಲಿಲ್ಲ. ಹೊರಗಿನಿಂದ ಯಾರಾದರೂ ಬಾಗಿಲು ಎಳೆದರೆ ಮೈಯೆಲ್ಲ ಬೆವರುತ್ತಿತ್ತು. ಕಾಲು ಊದಿತ್ತು, ಮಧ್ಯಾಹ್ನವಾದರೆ ಚಳಿಜ್ವರ. ನನಗಂತೂ ಎಲ್ಲವೂ ಕಳ್ಳನ ಲಕ್ಷಣವಾಗಿಯೇ ಕಂಡಿತು. ಸಾಲದ್ದಕ್ಕೆ ವಾರಕ್ಕೊಮ್ಮೆ ಪೊಲೀಸಿನವನು ಬಾಗಿಲಿಗೆ ಬಂದು ಇದ್ದಾನೋ ಇಲ್ಲವೋ ಎಂದು ವಿಚಾರಿಸಿಕೊಂಡು ಹೋಗುತ್ತಿದ್ದ. ಬರ್ಮಾದಿಂದ ಬಂದವರಲ್ಲಿ ಜಪಾನಿನವರ ಗೂಢಚಾರರು ಇರಬಹುದೆಂದು ಸರ್ಕಾರಕ್ಕೂ ಅನುಮಾನ. ಕಾಡು ದಾಟಿ ಬಂದವನನ್ನು ಕಾಗದಪತ್ರವಿಲ್ಲವೆಂದು ಗಡಿಯಲ್ಲಿ ಹಿಡಿದು, ತಂತಿಬೇಲಿಯ ಶಿಬಿರದಲ್ಲಿ ಬಹಳ ತಿಂಗಳು ಕೂಡಿಹಾಕಿದ್ದರಂತೆ. ಅಷ್ಟನ್ನು ಮಾತ್ರ ಹೇಳಿದ್ದ. ಅಲ್ಲಿ ಏನಾಯಿತೆಂದು ಕೇಳಿದರೆ ಎದ್ದು ಹೋಗುತ್ತಿದ್ದ.

ಅಜ್ಜಿಗೆ ಜಪಾನಿನ ಚಿಂತೆ ಇರಲಿಲ್ಲ. ಮಗ ಅಲ್ಲಿ ಬೇರೆ ಮತಕ್ಕೆ ಸೇರಿ, ಬೇರೆ ಸಂಸಾರ ಹೂಡಿ, ಲಿಂಗ ಬಿಸಾಡಿ ಬಂದಿದ್ದಾನೆಂದು ಅವಳು ತೀರ್ಮಾನಿಸಿದ್ದಳು. ಅದು ನಿಜವಾದರೆ ಸೊಸೆಯನ್ನು ಇವನ ಜೊತೆ ಬಾಳಲು ಬಿಡುವುದಿಲ್ಲ, ಅರಕಲಗೂಡಿನ ತವರಿಗೆ ಕಳಿಸಿಬಿಡುತ್ತೇನೆ ಎಂದು ಅಪ್ಪನಿಗೆ ಹೇಳಿದಳು. ಚಿಕ್ಕವ್ವ ಒಳಗಿನಿಂದ ಕೇಳಿಸಿಕೊಂಡಳು. ವರ್ಷಗಟ್ಟಲೆ ಗಂಡನ ದಾರಿ ಕಾದವಳು ದಿನಾ ಅವನ ತಟ್ಟೆಯ ಪಕ್ಕದಲ್ಲಿ ವಿಭೂತಿ, ಬಿಲ್ವಪತ್ರೆ ಇಡುತ್ತಿದ್ದಳು. ಊಟವಾದ ಮೇಲೆ ಇಟ್ಟ ಹಾಗೆಯೇ ಎತ್ತಿಕೊಂಡು ಹೋಗುತ್ತಿದ್ದಳು. ನನಗೆ ಅವಳ ಮೇಲೂ ಸಿಟ್ಟು ಬರುತ್ತಿತ್ತು.

ಒಂದು ಸೋಮವಾರ ಬೆಳಿಗ್ಗೆ ಅಜ್ಜಿ ನಡುಮನೆಯಲ್ಲಿ ಕೂತು ಅವನನ್ನು ಕರೆದಳು.

"ಅಂಗಿ ಬಿಚ್ಚಲಾ. ಎದೆ ನೋಡಾಣ."

ಚಿಕ್ಕಪ್ಪ ಅಂಗಿ ಬಿಚ್ಚಿ, ಕೊಡವಿ, ನೆಲದ ಮೇಲಿಟ್ಟ. ಕೊರಳಲ್ಲಿ ಲಿಂಗ ಕಟ್ಟುವ ಶಿವದಾರ ಇರಲಿಲ್ಲ. ಅಜ್ಜಿ ಬಾಯಿ ತೆರೆಯುವಷ್ಟರಲ್ಲಿ ಅವನು ಪಂಚೆಯ ಮಡಿಲನ್ನೂ ಕೊಡವಿದ. ಮುದ್ದೆಯ ಒಣಚೂರೊಂದು ಬಿತ್ತು. ಆಮೇಲೆ ಬೆರಳು ಅಗಲಿಸಿ ಎರಡೂ ಕೈ ಮೇಲೆತ್ತಿದ. ಬಾಯಿ ತೆರೆದು ನಾಲಿಗೆ ಚಾಚಿದ, ನಾಲಿಗೆ ಎತ್ತಿ ಅದರ ಕೆಳಗೂ ತೋರಿಸಿದ. ತಿರುಗಿ ಬೆನ್ನು ತೋರಿಸಿ ನಿಂತ. ಇದನ್ನೆಲ್ಲ ಯಾರೂ ಕೇಳಿರಲಿಲ್ಲ.

ಗೋಡೆಯ ಕಡೆ ನೋಡುತ್ತಲೇ ಹೇಳಿದ: "ಶಿಬಿರದ ಕಾವಲಿನವ್ರು ಲಿಂಗದ ಬೆಳ್ಳಿ ಕರಡಿಗೆ ಕಿತ್ಕಂಡು, ಒಳಗೇನೋ ಬಚ್ಚಿಟ್ಟವ್ನೆ ಅಂತ ಒಡೆದ್ರು ಕಣವ್ವ. ಲಿಂಗನೂ ಒಡೆದು ನೋಡುದ್ರು."

ಲಿಂಗ ಹೋದ ಮೇಲೆ ಅನ್ನ ಮುಟ್ಟಲಾರದೆ ಅವನು ಉಪವಾಸ ಕೂತನಂತೆ. ಹಟ ಮಾಡುತ್ತಿದ್ದಾನೆಂದು ಕಾವಲಿನವರು ಹಿಡಿದು ಕೆಡವಿ ಗಂಟಲಿಗೆ ಗಂಜಿ ಸುರಿದರು. ಆಮೇಲೆ ಹಸಿವೇ ಗೆದ್ದಿತು. ಅದನ್ನು ಹೆತ್ತವಳ ಮುಂದೆ ಹೇಳಲು ಅವನಿಗೆ ನಾಚಿಕೆಯಾಗಿತ್ತು.

ಅಜ್ಜಿ ಅತ್ತಳು. ಸಾಕು ಕಣಪ್ಪ ಎಂದಳು. ಆದರೂ ಎತ್ತಿದ ಕೈ ಇಳಿಯಲಿಲ್ಲ. ಚಿಕ್ಕವ್ವ ಅಡುಗೆಮನೆಯಿಂದ ಬಂದಳು. ಅತ್ತೆ, ಭಾವನವರ ಎದುರಿಗೆ ಗಂಡನ ಹತ್ತಿರವೂ ಸುಳಿಯದವಳು ಅವನ ಒಂದು ಕೈ ಹಿಡಿದು ಇಳಿಸಿದಳು, ಆಮೇಲೆ ಇನ್ನೊಂದನ್ನು. ಅರಕಲಗೂಡಿನ ಮಾತನ್ನು ಅಜ್ಜಿ ಮತ್ತೆ ಎತ್ತಲಿಲ್ಲ. ನಾನು ಮಾತ್ರ ನೆಲದಿಂದ ಎತ್ತಿಕೊಂಡ ಆ ಮುದ್ದೆಯ ಚೂರನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಕೈಯಲ್ಲಿ ಹಿಡಿದುಕೊಂಡೇ ಇದ್ದೆ.

ಚಳಿಜ್ವರಕ್ಕೆಂದು ಹಾಸನಕ್ಕೆ ಕರೆದುಕೊಂಡು ಹೋದಾಗ, ಎದೆ ಪರೀಕ್ಷಿಸಬೇಕು, ಅಂಗಿ ತೆಗೆಯಿರಿ ಎಂದರಂತೆ ಡಾಕ್ಟರು. ಅಲ್ಲೂ ಅವನ ಕೈ ಮೇಲೆ ಹೋಯಿತು. ಅಲ್ಲೂ ಚಿಕ್ಕವ್ವನೇ ಇಳಿಸಿದಳು.

ಜ್ವರ ಬಿಟ್ಟ ಮೇಲೆ ಮಠದ ಅಯ್ಯನವರು ಮನೆಗೆ ಬಂದು ಹೊಸ ಲಿಂಗ ಧಾರಣೆ ಮಾಡಿಸಿದರು. ಅಜ್ಜಿ ತನ್ನ ಕಾಲಿನ ಗೆಜ್ಜೆ ಕರಗಿಸಿ ಬೆಳ್ಳಿಯ ಕರಡಿಗೆ ಮಾಡಿಸಿದ್ದಳು. ಚಿಕ್ಕಪ್ಪ ಅದನ್ನು ಕಣ್ಣಿಗೊತ್ತಿಕೊಂಡು ಅವಳಿಗೇ ವಾಪಸು ಕೊಟ್ಟ. ಲಿಂಗವನ್ನು ಒಂದು ಬಿಳಿಯ ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡ. ಯಾಕಪ್ಪ ಎಂದು ಅಜ್ಜಿ ಕೇಳಿದಳು.

"ಬಟ್ಟೆ ಆದ್ರೆ ಬಿಚ್ಚಿ ತೋರುಸ್ಬೋದು ಕಣವ್ವ," ಎಂದ. "ಯಾರೂ ಒಡೀಬೇಕಾಗಿಲ್ಲ."