ಪುಟ್ಟಮಾದಮ್ಮನ ಒಳಮಡಿಕೆ
ಹನೂರು ಬಸ್‌ಸ್ಟ್ಯಾಂಡಿನ ಹಿಂದೆ ಹೊಲಿಗೆ ಮಿಷನ್ ಇಟ್ಟುಕೊಂಡಿರುವ ಪುಟ್ಟಮಾದಮ್ಮನ ಲೆಕ್ಕದಲ್ಲಿ ಲೋಕದ ಸಕಲವೂ ಬೆಳೆಯುವಂಥದ್ದೇ. ರವಿಕೆ ಹಾಗಿರಲಿ, ಕಿಟಕಿಯ ಪರದೆಗೂ ಒಳಗೆ ಗೇಣು ಬಟ್ಟೆ ಮಡಿಸಿ ಹೊಲಿಯುತ್ತಾರೆ. ನಾಳೆ ಕಿಟಕಿ ದೊಡ್ಡದಾದರೆ ಏನು ಗತಿ? ಮೊನ್ನೆ ನನ್ನ ಎರಡು ವರ್ಷದ ಮಗಳ ಪುಟ್ಟ ಮಂಚದ ರಜಾಯಿಗೆ ಗವುಸು ಹೊಲಿಸಲು ಅವಳನ್ನೂ ಎತ್ತಿಕೊಂಡು ಹೋದೆ. ರಜಾಯಿಯನ್ನು ಪಕ್ಕಕ್ಕೆ ತಳ್ಳಿ, ಮಗುವನ್ನೇ ನಿಲ್ಲಿಸಿ ಟೇಪು ಹಿಡಿದರು. “ಅಕ್ಕಾ, ಅಳೆಯಬೇಕಾದ್ದು ರಜಾಯಿ,” ಎಂದೆ. “ರಜಾಯಿ ಅಷ್ಟು ಬಿರ್ನೆ ಬೆಳಿತದಾ? ಮೊಗ ತಾನೆ ಬೆಳಿಯದು! ಸುಮ್ನಿರವ್ವ,” ಎಂದು ನನ್ನನ್ನೇ ಗದರಿದರು. ಸಂಜೆ ಗವುಸು ಸಿದ್ಧವಾಗಿತ್ತು. ಒಳಗೆ ಸಾಲಾಗಿ ಮಡಿಕೆಗಳು. ಬಿಚ್ಚುತ್ತಾ ಹೋದರೆ ಮಗಳ ಮದುವೆಗೂ ಸಾಕು. ನಾನು ನಗುತ್ತಿರುವಾಗಲೇ ಅವರು ಮಿಷನ್‌ಗೆ ಒಂದು ಮಾಸಿದ ಲಂಗ ಹೊದಿಸಿದರು. ಚಿಕ್ಕಂದಿನಲ್ಲಿ ಅವರವ್ವ ಕೈಯಲ್ಲೇ ಹೊಲಿದುಕೊಟ್ಟದ್ದಂತೆ. ಅದರ ಅಂಚಿನಲ್ಲೂ ಒಂದು ಮಡಿಕೆ ಹಾಗೇ ಉಳಿದಿತ್ತು. “ಇದನ್ಯಾಕೆ ಬಿಚ್ಚಿಲ್ಲ?” ಎಂದೆ. ನನ್ನ ಭುಜಕ್ಕೂ ಬಾರದ ಪುಟ್ಟಮಾದಮ್ಮ ಆ ಮಡಿಕೆಯನ್ನು ಸವರಿ ನಕ್ಕರು. “ಇದೊಂದ್ನ ಬಿಚ್ಚಕಿಲ್ಲ ಕಣವ್ವ. ನಾ ಇನ್ನೂ ಉದ್ದ ಆಯ್ತೀನಿ ಅಂತ ನಮ್ಮವ್ವ ಮಡಿಚಿ ಬುಟ್ಟೋದ್ಲು.”