ಮುಕುಂದ ನಿಲ್ಲಿಸಿದ ನೀರು

ಆ ಶನಿವಾರ ಸಂಜೆ ಉಪಕಾಲುವೆಯ ನೀರು ನಿಲ್ಲಿಸಿದವನು ಗೇಟು ನೋಡಿಕೊಳ್ಳುತ್ತಿದ್ದ ಹುಲುಗಪ್ಪನಲ್ಲ, ನಾನು. ಮೇಲಿನ ಕಬ್ಬಿನ ಹೊಲದವರ ಕೈಯಿಂದ ಏನೋ ಈಸಿಕೊಂಡು ಅವನು ಕೊನೆಯ ಊರಿನ ನೀರು ಮಾರಿಕೊಂಡ ಎಂದು ಜನ ಆಡಿಕೊಂಡರು — ಅದು ಸುಳ್ಳು. ನೀರು ನಿಂತದ್ದು ನನ್ನ ಮಗನ ಏಳನೆಯ ಹುಟ್ಟುಹಬ್ಬದ ಒಂದು ಆಟಕ್ಕಾಗಿ. ಇಷ್ಟನ್ನು ಬರೆಯಲು ನನಗೆ ಮೂವತ್ತು ವರ್ಷ ಹಿಡಿಯಿತು.

ಈಗಲೂ ನಾನಾಗಿಯೇ ಎದ್ದು ಬರೆಯಲು ಕೂತೆ ಎಂದು ದೊಡ್ಡಸ್ತಿಕೆ ಕೊಚ್ಚಿಕೊಳ್ಳಲಾರೆ. ಹೋದ ವಾರ ಮಗ ಮುಕುಂದ ದೋಣಿಮಲೈಯಿಂದ ಫೋನ್ ಮಾಡಿದ್ದ. ಅಲ್ಲಿ ಅವನಿಗೆ ಮೇಷ್ಟರ ಕೆಲಸ. ಅವನ ಮಗಳಿಗೆ ಏಳು ತುಂಬುತ್ತದೆ, ಅವಳಿಗೂ ಅಪ್ಪನ ಹಾಗೆ ಚಿತ್ರಕತೆಯ ಹಾರುವ ವೀರರ ಹುಚ್ಚು, ಕ್ವಾರ್ಟರ್ಸಿನ ಮಕ್ಕಳೆಲ್ಲ ಬೆನ್ನಿಗೆ ಬಟ್ಟೆ ಕಟ್ಟಿಕೊಂಡು ಬರುತ್ತಾರಂತೆ. "ಅಪ್ಪಾ, ಏನೇನ್ ಆಟ ಆಡಿಸ್ಲಿ ಹೇಳ್ರಿ. ನನಗ ನೀವು ಮಾಡಿದ್ರಲ್ಲ, ಕೈ ಚಾಚಿದ ಕೂಡ್ಲೇ ನೀರು ನಿಂತಿದ್ದು — ಅದನ್ನ ಹೆಂಗ ಮಾಡಿದ್ರಿ?" ಎಂದು ಕೇಳಿದ. ಮರೆತುಹೋಗಿದೆಯಪ್ಪ ಎಂದುಬಿಟ್ಟೆ. ಮರೆತಿದ್ದರೆ ಎಷ್ಟು ಚೆನ್ನಾಗಿತ್ತು.

ಆಗ ನಾನು ಕಂಪ್ಲಿಯ ಹತ್ತಿರದ ಒಂದು ಕ್ಯಾಂಪಿನಲ್ಲಿ ಕಾಲುವೆಯ ಇಂಜಿನಿಯರ್. ಎಂಟೇ ಮನೆಗಳ ಕ್ಯಾಂಪು, ನಾಲ್ಕು ಬೇವಿನ ಮರ, ಮನೆಗಳ ಹಿಂದೆಯೇ ಉಪಕಾಲುವೆ. ಅದರ ಬಾಯಿಗೆ ಒಂದು ಗೇಟು. ಆ ಗೇಟನ್ನು ಏರಿಸಿ ಇಳಿಸುವ ಸೌಡಿ ಹುಲುಗಪ್ಪ. ಗೇಟು ತಿರುಗಿಸುವ ಕಬ್ಬಿಣದ ಹ್ಯಾಂಡಲನ್ನು ಅವನು ಹದಿನೆಂಟು ವರ್ಷದಿಂದ ಇನ್ನೊಬ್ಬರ ಕೈಗೆ ಕೊಟ್ಟವನಲ್ಲ. ಮಲಗುವಾಗ ತಲೆದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದ. ಹೆಂಡತಿಗಿಂತ ಅದರ ಮೇಲೆಯೇ ನಿನಗೆ ಪ್ರೀತಿ ಎಂದು ನಾವೆಲ್ಲ ಛೇಡಿಸುತ್ತಿದ್ದೆವು. ಅವನು ನಗುತ್ತಿದ್ದ, ಆದರೆ ಕೊಡುತ್ತಿರಲಿಲ್ಲ.

ಕಾಲುವೆಯ ಮೇಲ್ಭಾಗದವರಿಗೆ ಯಾವಾಗಲೂ ನೀರು. ಕಬ್ಬು, ಬಾಳೆ, ಭತ್ತ — ಅವರದು ನಡೆಯುತ್ತಿತ್ತು. ಕೊನೆಯಲ್ಲಿರುವ ಊರಿಗೆ ಮಾತ್ರ ಪಾಳಿ. ಎಂಟು ದಿನಕ್ಕೊಮ್ಮೆ, ಒಂದು ರಾತ್ರಿ, ಮೇಲಿನ ತೂಬುಗಳನ್ನೆಲ್ಲ ಮುಚ್ಚಿ ಅವರಿಗೆ ನೀರು ಬಿಡುತ್ತಿದ್ದೆವು. ಆ ಊರಿಗೇ ಹುಲುಗಪ್ಪನ ತಂಗಿ ಹನುಮಕ್ಕನನ್ನು ಕೊಟ್ಟಿದ್ದರು. ಪ್ರತಿ ಶ್ರಾವಣದಲ್ಲಿ ನಾಗರಪಂಚಮಿಗೆ ನಾಲ್ಕು ದಿನ ಮೊದಲೇ ಹುಲುಗಪ್ಪ ಒಗೆದ ಧೋತರ ಉಟ್ಟು, ನನ್ನ ಹತ್ತಿರ ಅರ್ಧ ದಿನದ ರಜೆ ಕೇಳಿ, ತಂಗಿಯನ್ನು ತವರಿಗೆ ಕರೆತರಲು ಹೊರಡುತ್ತಿದ್ದ. ತಂಗಿ ಬಂದಳೆಂದರೆ ಕ್ಯಾಂಪಿನ ಮನೆಮನೆಗೂ ಅಳ್ಳು, ತಂಬಿಟ್ಟು ಬರುತ್ತಿದ್ದವು.

ಮುಕುಂದ ಆಗ ಕಡ್ಡಿಯಂಥ ಹುಡುಗ. ಮಾತು ತೊದಲುತ್ತಿತ್ತು. ಕ್ಯಾಂಪಿನ ಮಕ್ಕಳು ಅವನ ಮಾತನ್ನೇ ಅಣಕಿಸಿ ಓಡುತ್ತಿದ್ದವು. ಅವನು ಒಳಗೆ ಬಂದು ಕೂತು, ಸೋದರಮಾವ ಬಳ್ಳಾರಿಯಿಂದ ತಂದುಕೊಟ್ಟಿದ್ದ ಬಣ್ಣದ ಚಿತ್ರಕತೆಯ ಪುಸ್ತಕ ತೆರೆಯುತ್ತಿದ್ದ. ಅದರಲ್ಲಿ ಬೆನ್ನಿಗೆ ಕೆಂಪು ಸೆರಗು ಕಟ್ಟಿದ ಒಬ್ಬ ವೀರ, ಒಡೆದ ಅಣೆಕಟ್ಟಿನ ಮುಂದೆ ನಿಂತು ಒಂದೇ ಕೈ ಚಾಚಿ ಹೊಳೆಯನ್ನು ನಿಲ್ಲಿಸುತ್ತಾನೆ. ಆ ಹಾಳೆ ಮುಟ್ಟಿ ಮುಟ್ಟಿ ಮಾಸಿಹೋಗಿತ್ತು. "ಅಪ್ಪಾ, ನಾ — ನಾನು ಕೈ ಹಿಡಿದ್ರ ನಮ್ ಕಾಲುವಿ ನಿಲ್ತದೇನು?" ಎಂದು ಒಂದು ದಿನ ಕೇಳಿದ.

ಹುಟ್ಟುಹಬ್ಬಕ್ಕೆ ಎಲ್ಲವೂ ಆ ವೀರನದೇ ಆಗಬೇಕೆಂದು ಹಟ. ನಾನೂ ನನ್ನ ಹೆಂಡತಿ ಪದ್ಮಾವತಿಯೂ ಒಂದು ವಾರ ಪಡಸಾಲೆಯಲ್ಲಿ ಕೂತು ಆಟಗಳ ಪಟ್ಟಿ ಮಾಡಿದೆವು. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ವೀರನ ಚಿತ್ರ ಬರೆದು, ಕಣ್ಣು ಕಟ್ಟಿಕೊಂಡ ಮಕ್ಕಳು ಅವನಿಗೆ ಸೆರಗು ಅಂಟಿಸುವುದು. ಹಾಲಿನ ಪುಡಿಯ ಖಾಲಿ ಡಬ್ಬಿಗಳಿಗೆ ರಾಕ್ಷಸರ ಮುಖ ಬರೆದು ಚಿಂದಿಯ ಚೆಂಡಿನಿಂದ ಉರುಳಿಸುವುದು. ಬೇವಿನ ಮರಗಳ ನಡುವೆ ಹಗ್ಗ ಹೆಣೆದು ಅದಕ್ಕೆ ತಾಗದಂತೆ ತೆವಳುವುದು. ಪದ್ಮಾ ತನ್ನ ಹಳೆಯ ಕೆಂಪು ಸೀರೆಯನ್ನು ಹರಿದು ಹನ್ನೆರಡು ಮಕ್ಕಳಿಗೂ ಸೆರಗು ಹೊಲಿದಳು. ಕೊನೆಯ ಆಟ ಮಾತ್ರ ನನ್ನದು. ಬೇರೆ ಅಪ್ಪಂದಿರು ಬೆಲೂನು ಊದುತ್ತಾರೆ. ನನ್ನ ಕೈಯಲ್ಲಿ ಕಾಲುವೆಯೇ ಇತ್ತಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ — ನನ್ನ ಹೆಗ್ಗಣ ಒಂದು ಸಂಜೆಯಾದರೂ ಎಲ್ಲರೆದುರು ಸಿಂಹವಾಗಲಿ ಎಂದು ನನಗೆ ಭಾರಿ ಆಸೆಯಾಗಿತ್ತು.

ಹುಲುಗಪ್ಪನಿಗೆ ಹೇಳಿದಾಗ ಅವನು ಒಪ್ಪಲಿಲ್ಲ. "ಶನಿವಾರ ಬ್ಯಾಡ್ರಿ ಸಾಹೇಬ್ರ. ಅವತ್ತ ರಾತ್ರಿ ಕೆಳಗಿನೂರ ಪಾಳಿ ಐತಿ. ಸಸಿ ಕಿತ್ತಿಟ್ಕಂಡು ಕುಂತಾರ, ಐತವಾರ ನಾಟಿ" ಎಂದ. ಹದಿನೈದು ನಿಮಿಷದ ಮಾತು, ಆಮೇಲೆ ಎತ್ತಿಬಿಟ್ಟರಾಯಿತು ಎಂದೆ. ಅವನು ತಲೆ ಕೆರೆದುಕೊಂಡ. ಅಷ್ಟರಲ್ಲಿ ಮುಕುಂದ ಬಂದು ಅವನ ಕೈ ಹಿಡಿದ. ಆ ಹುಡುಗನ ತೊದಲು ಮಾತನ್ನು ಪೂರ್ತಿಯಾಗಿ, ನಡುವೆ ಬಾಯಿ ಹಾಕದೆ ಕೇಳುತ್ತಿದ್ದವನು ಕ್ಯಾಂಪಿನಲ್ಲಿ ಹುಲುಗಪ್ಪನೊಬ್ಬನೇ. ಹೂಂ ಎಂದುಬಿಟ್ಟ.

ಆಟ — ಅದನ್ನು ಹೇಗೆ ಹೇಳಲಿ — ಆಟ ಬಹಳ ಚೆನ್ನಾಗಿ ನಡೆಯಿತು. ಸಂಜೆ ಐದರ ಬಿಸಿಲು. ಮಕ್ಕಳೆಲ್ಲ ದಂಡೆಯ ಮೇಲೆ ಕೆಂಪು ಸೆರಗಿನಲ್ಲಿ ಸಾಲಾಗಿ ನಿಂತಿದ್ದರು. ಮುಕುಂದ ಮೊಣಕಾಲುದ್ದದ ನೀರಿನಲ್ಲಿ ಇಳಿದು ಬಲಗೈ ಚಾಚಿದ. ನಾನು ಟವೆಲು ಬೀಸಿದೆ, ಮೇಲೆ ಗಿಡದ ಮರೆಯಲ್ಲಿ ಹುಲುಗಪ್ಪ ಹ್ಯಾಂಡಲ್ ತಿರುಗಿಸಿದ. ಮೊದಲು ಏನೂ ಆಗಲಿಲ್ಲ. ಒಬ್ಬ ಹುಡುಗ ನಕ್ಕ. ಆಮೇಲೆ ನೀರು ಮೊಣಕಾಲಿಂದ ಮೀನಖಂಡಕ್ಕೆ, ಅಲ್ಲಿಂದ ಪಾದಕ್ಕೆ ಇಳಿಯುತ್ತ ಹೋಯಿತು. ಕೆಸರಿನಲ್ಲಿ ಎರಡು ಸಣ್ಣ ಮೀನು ಹೊರಳಾಡಿದವು. ಅಣಕಿಸುತ್ತಿದ್ದ ಹುಡುಗರು ಬಾಯಿ ತೆರೆದುಕೊಂಡು ನಿಂತರು. ಮುಕುಂದ ತಿರುಗಿ ನನ್ನನ್ನು ನೋಡಿದ ನೋಟ ಇದೆಯಲ್ಲ — ಅಂಥ ನೋಟ ನನಗೆ ಜೀವನದಲ್ಲಿ ಮತ್ತೆ ಸಿಗಲಿಲ್ಲ.

ಅಷ್ಟಕ್ಕೇ ಗೇಟು ಎತ್ತಿಸಿದ್ದರೆ ಮುಗಿಯುತ್ತಿತ್ತು. ಆದರೆ ಮಕ್ಕಳು ಕೆಸರಿಗಿಳಿದು ಮೀನು ಹಿಡಿಯತೊಡಗಿದವು. ಇನ್ನು ಸ್ವಲ್ಪ ಹೊತ್ತು ಇರಲಿ ಎಂದೆ. ಆಗಲೇ ನೆನಪಾಯಿತು, ಅತ್ತೆ ಮಾವ ಬಸ್ಸಿನಲ್ಲಿ ಕಂಪ್ಲಿಗೆ ಬಂದಿಳಿಯುವ ಹೊತ್ತು. ಹುಲುಗಪ್ಪನಿಗೆ, ನೀನು ಹೋಗಿ ಅವರನ್ನು ಗಾಡಿಯಲ್ಲಿ ಕರೆದುಕೊಂಡು ಬಾ, ಗೇಟು ನಾನು ಎತ್ತುತ್ತೇನೆ ಎಂದೆ. ಅವನು ಹ್ಯಾಂಡಲ್ ಕೊಡಲು ಹಿಂದೆಮುಂದೆ ನೋಡಿದ. ನಾನು ಕೈ ಚಾಚಿಕೊಂಡೇ ನಿಂತಿದ್ದೆ. "ಮರೀಬ್ಯಾಡ್ರಿ ಸಾಹೇಬ್ರ" ಎಂದು ಕೊಟ್ಟು ಹೋದ.

ಮರೆತೆ. ಹೊಸಪೇಟೆಯಿಂದ ದೊಡ್ಡ ಸಾಹೇಬರ ಜೀಪು ಬಂತು, ಅವರು ಬರುತ್ತಾರೆಂದು ನಾನು ಎಣಿಸಿರಲೇ ಇಲ್ಲ. ಕೇಕು, ಆರತಿ, ಫೋಟೊ, ಊಟದ ಎಲೆ. ಹುಲುಗಪ್ಪ ಹಿಂತಿರುಗಿದವನು ಅತ್ತೆಯ ಟ್ರಂಕು ಒಳಗಿಟ್ಟು, ದೂರದಿಂದಲೇ ಗೇಟಿನ ಕಡೆ ಕೈ ತೋರಿಸಿ ಆಯಿತೇ ಎನ್ನುವಂತೆ ಕೇಳಿದ. ನಾನು ಸಾಹೇಬರಿಗೆ ಪಾಯಸ ಬಡಿಸುತ್ತ ಹೂಂ ಎಂದು ತಲೆಯಾಡಿಸಿದೆ. ಇಂಜಿನಿಯರ್ ಹೂಂ ಎಂದಮೇಲೆ ಸೌಡಿ ಹೋಗಿ ನೋಡುವುದಾದರೂ ಯಾಕೆ? ಬೆಳಿಗ್ಗೆ ಎದ್ದಾಗ ಹ್ಯಾಂಡಲ್ ಮುಕುಂದನ ಪಕ್ಕದಲ್ಲಿತ್ತು. ನಾನು ಮೂಲೆಗಿಟ್ಟಿದ್ದನ್ನು ಅವನು ವೀರನ ಆಯುಧವೆಂದು ತಬ್ಬಿಕೊಂಡು ಮಲಗಿದ್ದ. ನಾನು ಓಡಿಹೋಗಿ ಗೇಟು ಎತ್ತುವ ಹೊತ್ತಿಗೆ ಪಾಳಿ ಮುಗಿದಿತ್ತು.

ಹತ್ತು ಗಂಟೆಗೆ ಕೆಳಗಿನೂರಿನ ಜನ ಬಂದರು. ಕಿತ್ತಿಟ್ಟ ಸಸಿಯ ಬಾಡಿದ ಕಟ್ಟುಗಳನ್ನು ಹೊತ್ತು ತಂದು ನನ್ನ ಅಂಗಳದಲ್ಲಿ, ಹಿಂದಿನ ದಿನದ ಬಣ್ಣದ ಕಾಗದಗಳ ಮೇಲೆಯೇ ಒಗೆದರು. ಅವರ ಜೊತೆ ಹನುಮಕ್ಕನೂ ಇದ್ದಳು. ಕ್ಯಾಂಪಿನಲ್ಲೇ ತಂಗಿದ್ದ ದೊಡ್ಡ ಸಾಹೇಬರು ಕಾಫಿ ಲೋಟ ಹಿಡಿದೇ ಹೊರಗೆ ಬಂದರು. ಗೇಟು ಇಳಿಸಿದ್ದು ಯಾರು ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ನಿಜವಾಗಿ ಹೆಗಲಿನ ಟವೆಲಿಗೆ ಹೋಯಿತು. ಆಮೇಲೆ ನನ್ನ ಬಾಯಿಂದ ಬಂದದ್ದು ಇಷ್ಟು:

"ಗೇಟು ಸೌಡಿದು ಸರ್. ಅವನನ್ನೇ ಕೇಳಬೇಕು."

ಹುಲುಗಪ್ಪ ನನ್ನ ಕಡೆ ನೋಡಿದ. ಸಿಟ್ಟಿನಿಂದಲ್ಲ — ನಾನು ಇನ್ನೂ ಏನೋ ಹೇಳುವುದಿದೆ, ಹೇಳಿ ಮುಗಿಸಲಿ ಎಂದು ಕಾಯುವವನ ಹಾಗೆ. ನಾನು ಹೇಳಲಿಲ್ಲ. ಆಗ ನನ್ನ ಹಿಂದಿನಿಂದ, ಇನ್ನೂ ಬಿಚ್ಚದ ಕೆಂಪು ಸೆರಗಿನಲ್ಲಿ ಮುಕುಂದ ಮುಂದೆ ಬಂದ. ಅಷ್ಟು ಜನರ ನಡುವೆ ಅವನು ಯಾವತ್ತೂ ಬಾಯಿ ಬಿಟ್ಟವನಲ್ಲ.

"ನೀ — ನೀರು ನಿಲ್ಸಿದ್ದು ನಾ — ನಾನಾ. ಅವ್ರನ್ನ ಬಯ್ಬ್ಯಾಡ್ರಿ" ಎಂದ.

ದೊಡ್ಡ ಸಾಹೇಬರು ಕಾಫಿ ಚೆಲ್ಲುವಷ್ಟು ನಕ್ಕರು. ಸಿಟ್ಟಿನಲ್ಲಿದ್ದ ರೈತರೂ ನಕ್ಕರು. ನಾನೂ ನಕ್ಕೆ. ಇದನ್ನು ಬರೆಯಲೇಬೇಕು — ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ಆ ಅಂಗಳದಲ್ಲಿ ನಿಜ ನುಡಿದದ್ದು ಆ ಮಗು ಒಂದೇ. ನಗದೇ ಇದ್ದವನು ಹುಲುಗಪ್ಪ ಒಬ್ಬನೇ. ಅವನು ಮುಕುಂದನ ತಲೆ ಸವರಿ, "ನಂದಾ ತಪ್ಪ್ರಿ ಸಾಹೇಬ್ರ, ಮರ್ತುಬಿಟ್ಟೆ" ಎಂದ. ಹನುಮಕ್ಕ ಅವನ ಎದುರಿಗೆ ಬಂದು ನಿಂತಳು. "ತಂಗಿ ಪಾಳೀನೂ ಮಾರ್ಕಂಡ್ಯಾ ಅಣ್ಣಾ? ಪಂಚಮಿಗಿ ನನ್ನ ಕರಿಯಾಕ ಬರಬ್ಯಾಡ" ಎಂದಳು. ಪಂಚಮಿಗೆ ಆಗ ಐದೇ ದಿನ ಇತ್ತು.

ಅವನನ್ನು ಗೇಟಿನಿಂದ ತೆಗೆದು ದೂರದ ಕಾಲುವೆಯ ಹೂಳೆತ್ತುವ ಗ್ಯಾಂಗಿಗೆ ಹಾಕಿದರು. ಆ ಕಾಗದದ ಕೆಳಗೆ ನನ್ನದೇ ಸಹಿ. ಎರಡು ತಿಂಗಳಲ್ಲಿ ವಾಪಸು ಕರೆಸಿಕೊಳ್ಳುತ್ತೇನೆ ಎಂದೆ. ಅಷ್ಟರಲ್ಲಿ ನನಗೇ ಹೊಸಪೇಟೆಗೆ ಬಡ್ತಿಯ ಮೇಲೆ ವರ್ಗವಾಯಿತು. ಪದ್ಮಾ ಮೊದಮೊದಲು ಕೇಳುತ್ತಿದ್ದಳು, ಹೇಳಿಬಿಡಬಾರದೇ ಎಂದು. ನಾಳೆ, ನಾಡಿದ್ದು ಎಂದೆ. ಕೊನೆಗೆ ಅವಳು ಕೇಳುವುದನ್ನು ಬಿಟ್ಟಳು. ಈಗ ಅವಳೂ ಇಲ್ಲ.

ಮುಕುಂದನ ಫೋನ್ ಬಂದ ಮೂರನೆಯ ದಿನ ನಾನು ಕಮಲಾಪುರಕ್ಕೆ ಹೋದೆ. ಹುಲುಗಪ್ಪ ಅಲ್ಲಿ ಮಗನ ಬಾಳೆತೋಟದ ಹತ್ತಿರ ಇದ್ದಾನೆ. ಕಣ್ಣು ಮಂಜಾಗಿದೆ, ದನಿಯಿಂದ ಗುರುತು ಹಿಡಿದ. "ಬರ್ರಿ ಸಾಹೇಬ್ರ, ಕುಂದ್ರಿ. ಸಣ್ಣ ಸಾಹೇಬ್ರು ಹೆಂಗದಾರ? ಇನ್ನಾ ನೀರು ನಿಲ್ಸ್ತಾರೇನು?" ಎಂದ. ಮೂವತ್ತು ವರ್ಷದಿಂದ ಕೇಳದೆ ಇಟ್ಟುಕೊಂಡಿದ್ದ ಪ್ರಶ್ನೆ ಕೇಳಿದೆ — ಅವತ್ತು ಯಾಕೆ ಹೇಳಲಿಲ್ಲ?

"ಹುಡುಗ ನೋಡ್ಕಂತ ನಿಂತಿದ್ದ. ಅವನ ಮುಂದ ಅವರಪ್ಪನ್ನ ಸುಳ್ಳ ಅಂತ ಹೆಂಗ ಅನ್ಲಿ?" ಎಂದ. ಮತ್ತೆ, "ಆಮ್ಯಾಲ ನೀವಾ ಹೇಳ್ತೀರಿ ಅನ್ಕಂಡೆ" ಎಂದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಂಗಿಯ ಬಗ್ಗೆ ಕೇಳಿದೆ. ಅವಳು ಆ ವರ್ಷದಿಂದ ತವರಿನ ಹೊಸ್ತಿಲು ತುಳಿದಿಲ್ಲ. ಅಣ್ಣನ ಮಗನ ಮದುವೆಗೂ ಬರಲಿಲ್ಲ. ನೀನಾದರೂ ಅವಳೊಬ್ಬಳಿಗೆ ನಿಜ ಹೇಳಬಹುದಿತ್ತಲ್ಲ ಎಂದೆ. ಹೇಳಿದ್ದನಂತೆ, ಒಮ್ಮೆ. ದೊಡ್ಡವರ ಮೇಲೆ ಹಾಕಿ ನುಣುಚಿಕೊಳ್ಳುತ್ತೀಯಾ ಎಂದು ಅವಳು ಬಾಗಿಲು ಹಾಕಿಕೊಂಡಳಂತೆ. "ಆದ್ರೂ ವರ್ಷಾ ವರ್ಷಾ ಹೋಗಿ ಕರದ್ ಬರ್ತೀನ್ರಿ. ಅಂಗಳದಾಗ ನಿಂತು ಕರಿತೀನಿ, ಒಳಗಿಂದ ಮಾತಿಲ್ಲ, ಹೊಳ್ಳಿ ಬರ್ತೀನಿ. ಕರಿಯಾದು ನನ್ನ ಧರ್ಮ" ಎಂದ. ಮೂವತ್ತು ಪಂಚಮಿ ಹೀಗೇ ಹೋಗಿವೆ.

ನಿನ್ನೆ ಮುಕುಂದನಿಗೆ ಫೋನ್ ಮಾಡಿ, ಆ ಆಟವನ್ನು ಹೇಗೆ ಮಾಡಿದೆ ಎಂದು ಪೂರ್ತಿ ಹೇಳಿದೆ. ಅವನಿಗೀಗ ತೊದಲಿಲ್ಲ. ಎಲ್ಲ ಕೇಳಿದ ಮೇಲೆ, "ನಾನು ಹೇಳಿದಾಗ ನೀವು ನಕ್ಕಿದ್ದು ನನಗ ನೆನಪೈತಪ್ಪಾ" ಎಂದಷ್ಟೇ ಹೇಳಿದ. ಮೊಮ್ಮಗಳ ಹಬ್ಬಕ್ಕೆ ಡಬ್ಬಿಯ ರಾಕ್ಷಸರು ಸಾಕು ಎಂದೆ. ಹೂಂ ಎಂದ.

ಪಂಚಮಿಗೆ ಇನ್ನು ಐದು ದಿನ. ನಾಳೆ ಬೆಳಿಗ್ಗೆ ಹುಲುಗಪ್ಪ ಎಂದಿನಂತೆ ತಂಗಿಯನ್ನು ಕರೆಯಲು ಹೋಗುತ್ತಾನೆ. ಕಮಲಾಪುರದಿಂದ ಅವನ ಜೊತೆ ನಾನೂ ಬಸ್ಸು ಹತ್ತುತ್ತೇನೆ. ಅವಳು ಬಾಗಿಲು ತೆರೆಯದಿದ್ದರೆ ಅಂಗಳದಲ್ಲೇ ನಿಂತು, ಅಕ್ಕಪಕ್ಕದವರಿಗೂ ಕೇಳುವ ಹಾಗೆ ಹೇಳುತ್ತೇನೆ. ಹೇಗೆ ಹೇಳಬೇಕೆಂದು ಈ ಹಾಳೆಗಳಲ್ಲಿ ಎಷ್ಟೋ ಬರೆದು ಹೊಡೆದುಹಾಕಿದೆ. ಹೊಸ ಮಾತೇನೂ ಬೇಕಿರಲಿಲ್ಲ. ಏಳು ವರ್ಷದ ಹುಡುಗ ಅವತ್ತೇ ಹೇಳಿಕೊಟ್ಟಿದ್ದ — ನೀರು ನಿಲ್ಲಿಸಿದ್ದು ನಾನೇ. ಅವನನ್ನು ಬಯ್ಯಬೇಡಿ.